ಎಂಟು ಮಿಲಿಮೀಟರು

ಅವಳ ದೇಶದಲ್ಲಿ ದುಡ್ಡಿಗೆ ಲಾರಿ ಅನ್ನುತ್ತಾರೆ.
ಲಾಮ್ಜಿರಾಳ ಕೋಟಿನ ಒಳಜೇಬಿನಲ್ಲಿ
ಸಾವಿರದ ನೂರು ಲಾರಿ, ರಬ್ಬರ್ ಬ್ಯಾಂಡು ಸುತ್ತಿ.
ಅವಳಿಗೆ ಬೇಕಾದದ್ದೂ ಒಂದು ಲಾರಿಯೇ,
ಹದಿನೆಂಟು ಚಕ್ರದ್ದು, ಪರದೆಯ ಮೇಲೆ ಓಡಿಸುವುದು.
ನಮ್ಮ ಮಾತಿನ ಈ ಚೇಷ್ಟೆ ಅವಳಿಗೆ ಗೊತ್ತಿಲ್ಲ.
ಗೊತ್ತಿದ್ದರೆ ನಗುತ್ತಿದ್ದಳೋ ಏನೋ.

ಟಿಬಿಲಿಸಿಯ ದೊಡ್ಡಾಸ್ಪತ್ರೆ, ಮೂರನೇ ಮಹಡಿ,
ಇಪ್ಪತ್ತಾರು ವರ್ಷ ರಾತ್ರಿಪಾಳಿ.
ರಜೆಯಲ್ಲೂ ನಿದ್ದೆ ಹತ್ತಿರ ಸುಳಿಯದು.
ಗಂಡನ ಗೊರಕೆ, ಮೇಲ್ಮನೆಯ ನಲ್ಲಿಯ ಸದ್ದು.
'ಯಾರೂ ಗಂಟೆ ಒತ್ತದ ಒಂದು ರಸ್ತೆ ಬೇಕು ನನಗೆ'
ಅಂದಳು ಅಂಗಡಿಯ ನುಗ್ಜಾರನಿಗೆ,
ಬಸ್ ನಿಲ್ದಾಣದ ಹಿಂದೆ, ನೆಲದಡಿಯ ಹಾದಿಯಲ್ಲಿ,
ಷೂ ಹೊಲಿಯುವವನಿಗೂ ಬೀಗದ ಕೈ ಕೊರೆಯುವವನಿಗೂ ನಡುವೆ.

ಅಕ್ರೋಟಿನ ಸರದ ಹಾಗೆ ತೂಗುವ ಕೇಬಲ್ಲುಗಳ ಕೆಳಗೆ
ಅವನು ಮೊದಲು ತೋರಿಸಿದ್ದು ಕಾಮನಬಿಲ್ಲು:
ಗಾಜಿನ ಡಬ್ಬಿ, ಬಣ್ಣ ಬದಲಿಸುವ ಆರು ಫ್ಯಾನು.
'ಓಡಿಸುವವಳು ನಾನು. ಮದುಮಗಳಲ್ಲ.'
ಮೂಲೆಯ ಕಪ್ಪು ತಗಡಿನ ಡಬ್ಬಿ, ಎಂಬತ್ತಕ್ಕೆ.

ಪ್ರೊಸೆಸರು ಆರು ಕೋರಿನದು, ಇನ್ನೂರ ಮೂವತ್ತು.
'ಎಂಟು ಕೋರು?' 'ಇರುವುದು ಎರಡೇ ಕೈ.'
ರ‍್ಯಾಮು ಹದಿನಾರರ ಒಂದೇ ಕಡ್ಡಿ ಬೇಡ,
ಎಂಟೆಂಟರ ಜೋಡೆತ್ತು ಕಟ್ಟೋಣ ಅಂದ. ಒಪ್ಪಿದಳು.
ಬೋರ್ಡಿಗೆ ಚೌಕಾಸಿ, ಎಸ್ಸೆಸ್ಡಿಗೆ ಚೌಕಾಸಿ,
ನಡುವೆ ಒಂದು ಲೋಟ ಚಹಾ.
ಪವರ್ ಸಪ್ಲೈಗೆ ಬಂದಾಗ ಅವನೇ ದನಿ ತಗ್ಗಿಸಿದ:
'ಹೆಸರಿಲ್ಲದ್ದೊಂದಿದೆ, ನಲವತ್ತಕ್ಕೆ ಕೊಡುತ್ತೇನೆ.'
ಎತ್ತಿ ನೋಡಿದಳು. ಒಣಗಿದ ಸೋರೆಬುರುಡೆ.
'ಎಲ್ಲಿ ಬೇಕಾದರೂ ಜಿಪುಣಿ ನಾನು,
ರಕ್ತ ಒತ್ತುವ ಕಡೆ ಅಲ್ಲ.'
ನೂರ ನಲವತ್ತು ಎಣಿಸಿಟ್ಟಳು, ಭಾರದ್ದಕ್ಕೆ.

ಇನ್ನು ಗ್ರಾಫಿಕ್ಸ್ ಕಾರ್ಡು.
ಹೊಸದರ ಬೆಲೆ ಕೇಳಿ ಸುಮ್ಮನಾದಳು.
ಹಳೆಯದೊಂದನ್ನು ತಂದ, ಟವೆಲಿನಲ್ಲಿ ಸುತ್ತಿ.
'ನಿಜ ಹೇಳು. ಇದರ ಪೂರ್ವಾಶ್ರಮ?'
ಸುಳ್ಳಿಗೆ ಬಾಯಿ ತೆರೆದ. ಅವಳ ಕಣ್ಣು ನೋಡಿ ಮುಚ್ಚಿದ.

ಬೆಟ್ಟದ ಮೇಲೊಂದು ದನದ ಕೊಟ್ಟಿಗೆ,
ಗೋದಲಿಯ ಮೇಲೆ ಸಾಲಾಗಿ ಹನ್ನೆರಡು ಕಾರ್ಡು.
ಮೂರು ವರ್ಷ ಹಗಲಿರುಳು ನಾಣ್ಯ ಅಗೆದವು,
ಯಾರ ಅಂಗೈಗೂ ಬೀಳದ ನಾಣ್ಯ.
ಬೆಲೆ ಕುಸಿಯಿತು. ಮಾಲೀಕ ಮತ್ತೆ ಹಸು ಕಟ್ಟಿದ.

ಮೂಸಿದಳು. ಹೌದು, ಒಣಹುಲ್ಲು.
ಫ್ಯಾನಿನ ರೆಕ್ಕೆಗೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿದಳು,
ನಾಡಿ ಹಿಡಿದಂತೆ.
ಸಂದಿನಿಂದ ಒಂದು ಕಡ್ಡಿ ಎಳೆದು
ಮೇಜಿನ ಮೇಲಿಟ್ಟಳು.
'ಇದೂ ರಾತ್ರಿಪಾಳಿಯದೇ. ಕೊಡು.'

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಈ ಕಾರ್ಡು ಕಂಡಿರಲಿಲ್ಲ. ಇದಕ್ಕೆ ಮೊಣಕಾಲೇ ಇಲ್ಲ.
ಎಂಭತ್ತರ ಡಬ್ಬಿಯಲ್ಲಿ ಎಂಟು ಮಿಲಿಮೀಟರು ಕಮ್ಮಿ.
ನುಗ್ಜಾರ ತಲೆ ಕೆರೆದುಕೊಂಡ, ಗಾಜಿನದನ್ನು ನೋಡಿದ.
'ಅದರ ಆಸೆ ಬಿಡು. ಡ್ರಿಲ್ಲು ತಾ.'
ಡಿಸ್ಕು ಕೂರಿಸುವ ಗೂಡಿನ ನಾಲ್ಕು ರಿವೆಟ್ಟು,
ಒಂದೊಂದಾಗಿ ಉದುರಿದವು.
ಅವಳು ಟಾರ್ಚು ಹಿಡಿದಳು, ಕೈ ಅಲುಗದಂತೆ,
ಹೊಲಿಗೆ ಹಾಕುವವನ ಎದುರು ನಿಂತು ರೂಢಿ.
ಬೀಗದ ಕೈಯವನೂ ಷೂನವನೂ ಬಂದು ನಿಂತರು.
ಕಾರ್ಡು ಕೂತಿತು. ಉಳಿದ ಜಾಗ,
ಒಂದು ಉಗುರು.

ಮನೆಯಲ್ಲಿ ಮೊದಲ ಸಲ ಒತ್ತಿದಾಗ ಏನೂ ಇಲ್ಲ.
ಪರದೆ ಕಪ್ಪು. ಆಸ್ಪತ್ರೆ ಬಿಸಾಕಿದ ಪರದೆ,
ಬೆನ್ನಿಗಿನ್ನೂ ದಾಸ್ತಾನಿನ ನಂಬರು.
ಗಾಬರಿ ಅವಳ ಕಸುಬಿನಲ್ಲಿಲ್ಲ.
ರ‍್ಯಾಮು ಕಿತ್ತು, ಒರೆಸಿ, ಮತ್ತೆ ಒತ್ತಿದಳು.
ಟಕ್.

ಈಗ ಮಂಜಿನ ಹೆದ್ದಾರಿ, ಹಿಂದೆ ಇಪ್ಪತ್ತು ಟನ್ ಟೊಮೇಟೊ.
ಬೇರೆ ಗಾಡಿಯೇ ಇಲ್ಲದ ಕೂಡುರಸ್ತೆಯಲ್ಲೂ
ಕೆಂಪು ದೀಪಕ್ಕೆ ನಿಲ್ಲುತ್ತಾಳೆ.
ನಿಂತಾಗ ಮೂಲೆಯ ಅಂಕಿ ನೋಡಿ
ಪಕ್ಕದ ಹಾಳೆಯಲ್ಲಿ ಬರೆದಿಡುತ್ತಾಳೆ, ಅಭ್ಯಾಸಬಲ:

ಎರಡು ನಲವತ್ತು. ತಾಪ ಅರವತ್ತೊಂಬತ್ತು.
ಉಸಿರಾಟ ಸರಾಗ.
ಸ್ವಲ್ಪ ಹುಲ್ಲಿನ ವಾಸನೆ.