ಗೇಟ್

ಮಂಗಲಪೇಟದಾಗ ನಮ್ಮದು ಮ್ಯಾಲಿನ ಖೋಲಿ.
ಕೆಳಗ ಪರಸಿ, ಮ್ಯಾಲ ತಗಡು, ನಡುವ
ಚರ್ಚಿಗಿ ಹೊಸಾದು ಬಂದ ಮ್ಯಾಲ ನನಗ ಕೊಟ್ಟ ಹಳೇ ಡ್ರಮ್ ಸೆಟ್ಟು.
ಬಾಸ್ ಡ್ರಮ್ಮಿನ ಹೊಟ್ಟ್ಯಾಗ ಒಂದು ಹರಕು ರಜಾಯಿ ತುರುಕೀನಿ.
ಗ್ವಾಡಿಗಿ ಖಾಲಿ ಚೀಲ, ಅದರ ಮ್ಯಾಲ ಅವ್ವನ ಕೌದಿ.
ನಾಕು ಮೈಕು.
ತಮ್ಮ ನೆಹೆಮ್ಯ ಹೈದ್ರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು,
ಅದರ ಫ್ಯಾನು ಉಬ್ಬಸದ ಪೇಷಂಟ್.

ಇನ್ನ ಬೇಕಾದದ್ದು ಒಂದು ಸಾಫ್ಟ್‌ವೇರು.
ನೈಟ್ ಡ್ಯೂಟಿ ಮುಗಿಸಿ ಬಂದು, ಬೂಟು ಬಿಚ್ಚಲಾರದಂಗ
ದಿನಕ್ಕೊಂದು ಇಳಿಸ್ಕೊಂಡು ನೋಡಿದೆ.

ಮೊದಲಿಂದು ಪುಕ್ಕಟೆ.
ಪುಕ್ಕಟೆ ಅಂದ್ರ ಒಮ್ಮಿಗಿ ಎರಡೇ ಮೈಕು ಕೇಳ್ತದ,
ಸ್ನೇರಿಗಿ ಕಿವಿ ಕೊಟ್ರ ಬಾಸಿಗಿ ಕಿವುಡು.
ಎರಡನೇದಕ್ಕ ಮೂವತ್ತು ದಿನದ ವಾಯಿದೆ.
ದಿನಾ ಬೆಳಿಗ್ಗಿ ನೆನಪು ಮಾಡ್ತದ, ಇಪ್ಪತ್ತೊಂಬತ್ತು, ಇಪ್ಪತ್ತೆಂಟು,
ಬಾಗಲಾಗ ನಿಂತ ಸಾವಕಾರನ ಹಂಗ, ಆದ್ರ ನಕ್ಕೋತ.
ಮೂರನೇದರಾಗ ನಾ ಹೊಡೆದದ್ದು
ಹೆಡ್‌ಫೋನಿನಾಗ ಒಂಚೂರು ತಡಾ ಆಗಿ ಬರ್ತಿತ್ತು.
ಒಂಚೂರಂದ್ರ, ರೆಪ್ಪಿ ಬಡಿಯೂದರಾಗ ಅರ್ಧಾ.
ನನ್ನ ಹಿಂದ ಇನ್ಯಾರೋ ಕುಂತು
ನನ್ನ ನೋಡಿ ಕಲೀಲಾಕತ್ತಾರೇನೋ ಅನ್ನೂವಂಗ.
ಖರೇನ ಒಮ್ಮಿ ಹೊಳ್ಳಿ ನೋಡಿದೆ.

ಲಗ್ನದ ವಿಡಿಯೋ ಮಾಡೂ ಮುದಸ್ಸಿರ್ ಬಂದಾ.
"ಆಪಾ, ನಾಕನೇದು ತಗೋರಿ. ಅದರಾಗ ಗೇಟ್ ಅದ."
ಪೆಟ್ಟಿಗೂ ಪೆಟ್ಟಿಗೂ ನಡುವಿನ ಗದ್ದಲಾ ಎಲ್ಲಾ
ಗೇಟಿನ ಹೊರಗೇ ನಿಂದರತದಂತ:
ಏರ್‌ಫೋರ್ಸಿನ ಕಲಿಯೂ ಹುಡುಗರು
ನಮ್ಮ ತಗಡಿಗಿ ಹೊಟ್ಟಿ ತಿಕ್ಕಿ ಒಯ್ಯೂ ವಿಮಾನ,
ಕೆಳಗಿನವರ ಕುಕ್ಕರ್ ಸೀಟಿ, ನೆಹೆಮ್ಯನ ಕೆಮ್ಮು.
ಮೌಸಿಲೆ ಒಂದು ಗುಂಡಿ ತಿರುವಿದಾ.

ಪೆಟ್ಟು ಎದ್ದು ನಿಂತಿತ್ತು, ಬಯಲಾಗ ಒಂಟಿ ಈಚಲ ಮರದಂಗ.
ಆಮ್ಯಾಲ ಗೆರಿ.
ನೆಟ್ಟಗ.
ಮತ್ತ ಪೆಟ್ಟು. ಮತ್ತ ಗೆರಿ.
"ನೋಡ್ರಿ, ಎಷ್ಟ್ ಸಾಫ್!"

ನಾ ಏನೂ ಅನಲಿಲ್ಲ.
ಹದಿನಾಲ್ಕು ವರ್ಷಾಯ್ತು ಐಸಿಯು ಒಳಗ.
ಮಾನಿಟರಿನ ಗೆರಿ ಹಂಗ ಸಾಫ್ ಆತಂದ್ರ
ನನ್ನ ಎರಡೂ ಕೈ ತಾವೇ ಹೋಗಿ
ಯಾರದೋ ಎದಿ ಮ್ಯಾಲ ಕುಂದರತಾವ.
ನಿಮಿಷಕ್ಕ ನೂರಾ ಹತ್ತು. ತಾಳಾ ತಪ್ಪಬಾರದು.
ಡ್ರಮ್ ಬಾರಿಸ್ತಾಳಂತ ಡಾಕ್ಟರು ನನ್ನನ್ನೇ ಕರೀತಾರ.
ಹೋದ ಮಂಗಳವಾರ ಔರಾದಿನ ಒಬ್ಬ ಲಾರಿ ಡ್ರೈವರು,
ಕೈ ಮ್ಯಾಲ ಮಗಳ ಹೆಸರು ಹಚ್ಚಿಬಟ್ಟು.
ಇಪ್ಪತ್ತಾರು ನಿಮಿಷ.
ಒಂದು ಪೆಟ್ಟೂ ತಪ್ಪಲಿಲ್ಲ ನಂದು.

"ಗೇಟ್ ತೆಗೀ" ಅಂದೆ.
ತೆಗೆದಾ. ಗೆರಿ ಸಣ್ಣಗ ನಡುಗಿತು.
ದೂರ ಹೋದ ವಿಮಾನದ ಬಾಲ, ಕಂಪ್ಯೂಟರಿನ ಉಬ್ಬಸ,
ಸ್ನೇರಿನ ತಳದ ತಂತಿ ತಮ್ಮಷ್ಟಕ ತಾವು ಪಿಸುಗುಟ್ಟೂದು.

ಕಡೀಕ ಐದನೇದು ತಗೊಂಡೆ.
ಬಣ್ಣಾ ಕೆಟ್ಟದ, ಅಕ್ಷರ ಇರಿವಿ ಗಾತ್ರ.
ನಾಕೂ ಮೈಕು ಕೂಡೇ ಕೇಳ್ತದ,
ಕರೆಂಟ್ ಹೋದ್ರ ಹೋದಲ್ಲಿತನಕ ಉಳಿಸಿಟ್ಟಿರ್ತದ,
ಮತ್ತ ಸುಮ್ಮಿದ್ದ ಜಾಗಾ ಹಿಗ್ಗಿಸಿ ನೋಡಿದ್ರ
ಅಲ್ಲೂ ಏನೋ ಕುದೀತಿರೂದು ಕಾಣ್ತದ.
ಮುದಸ್ಸಿರ್ ಹಣಿ ಬಡ್ಕೊಂಡಾ,
"ಗದ್ದಲಕ್ಕ ರೊಕ್ಕಾ ಕೊಡ್ತೀರಲ್ಲ ಆಪಾ!"

ಈಗ ಎಂಟೂವರಿ. ಎರಡನೇ ಟೇಕ್.
ಬಾಜೂಮನಿ ಪರಿಮಳಪ್ಪ ಮಾಸ್ತರರು
ಸಿಟ್ಟಿಗೆದ್ದು ಗ್ವಾಡಿ ಬಡೀಲಾಕತ್ತಾರ.
ಅದೂ ಮೂಡಿ ಬಂದದ, ಮೂರನೇ ಸಾಲಿನಾಗ,
ತಾಳಕ್ಕ ಒಂಚೂರು ಮುಂದಾಗಿ.