ಕೆಂಪು ಶಾಯಿಯ ‘ಕ’

ಜವರಯ್ಯನ ಕಣ್ಣಿಗೆ ಪೊರೆ ಬಂದ ಮೇಲೆ
ಮಂಡಿಯ ಲೆಕ್ಕಕ್ಕೂ ಮಂಜು ಕವಿಯಿತು.
ನಲವತ್ತು ವರ್ಷ ಅವನ ಕೈಬರಹವೇ ನಮಗೆ ಕಾನೂನು:
ಅಚ್ಚು, ಉಂಡೆ, ಬಕೆಟ್ಟು, ಕುರಿಕಾಲಚ್ಚು,
ಯಾರಿಗೆಷ್ಟು, ಯಾವ ಲಾರಿಗೆಷ್ಟು.
ಸಾಫ್ಟ್‌ವೇರ್ ಬರೆಸೋಣ ಅಂದೆ.
‘ಬರೆಸವ್ವ, ಆದ್ರೆ ಬರೆಯೋರ್ನ ನೋಡಿ ಬರೆಸು.’

ಬೆಲ್ಲ ನೋಡುವುದು ನನಗೆ ಗೊತ್ತು.
ಮುರಿದರೆ ಟಕ್ಕೆನ್ನಬೇಕು, ಒಳಗೆ ಹರಳು ಮಿಂಚಬೇಕು.
ತೀರಾ ಬಿಳಿಚಿಕೊಂಡಿದ್ದರೆ ಹೈಡ್ರೋಸ್ ಬಿದ್ದಿದೆ ಎಂದರ್ಥ.
ನೀರಿಗೆ ಬಿಟ್ಟರೆ ತಳದಲ್ಲಿ ನಿಜ ಬಂದು ಕೂರುತ್ತದೆ.
ಕೋಡು ಬರೆಯುವ ಮನುಷ್ಯನನ್ನು
ಎಲ್ಲಿ ಮುರಿದು ನೋಡುವುದು?

ಮೊದಲನೆಯವನು ಮೈಸೂರಿನ ವಿಜಯನಗರದಿಂದ
ಪರದೆಯ ಮೇಲೆ ಬಂದ. ಬೆನ್ನ ಹಿಂದೆ ಪುಸ್ತಕಗಳ ಗೋಡೆ.
ಕೆಮ್ಮಿ ಪಕ್ಕಕ್ಕೆ ಬಾಗಿದಾಗ ಗೋಡೆ ಕರಗಿ
ಒಣಹಾಕಿದ ಟವೆಲ್ಲೊಂದು ಕಂಡು ಮರೆಯಾಯಿತು.
ಟವೆಲ್ಲಿನ ಬಗ್ಗೆ ನನ್ನ ತಕರಾರಿಲ್ಲ.
ಪೂರ್ತಿ ದುಡ್ಡು ಮುಂಗಡ ಕೇಳಿದ, ಅದರ ಬಗ್ಗೆ ಇತ್ತು.

ಎರಡನೆಯವನು ಮಾಡಿದ ಕೆಲಸಗಳ ಪಟ್ಟಿ ಕಳಿಸಿದ.
ಮದ್ದೂರಿನ ಅಕ್ಕಿ ಗಿರಣಿಗೆ ಫೋನು ಮಾಡಿದೆ.
‘ಒಳ್ಳೆ ಹುಡುಗ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಎಲ್ಲವ್ನೆ ಈಗ? ಸಿಕ್ರೆ ನಮ್ಗೂ ಯೋಳಿ,
ಪಾಸ್‌ವರ್ಡು ಅವನ ತಾವೇ ಉಳ್ಕಂಡದೆ.’

ಮೂರನೆಯವಳು ಬಸ್ಸಿಳಿದು ನಡೆದು ಬಂದಳು.
ಗಂಜಾಮಿನ ತಸ್ಮಿಯಾ. ಚೀಲದಲ್ಲಿ ಲ್ಯಾಪ್‌ಟಾಪು, ಊಟದ ಡಬ್ಬಿ, ಛತ್ರಿ.
ಅನುಭವ ಎಷ್ಟು ಅಂದೆ.
‘ಮೂರು ವರ್ಷ ಅಕ್ಕಾ. ಒಂದು ದೊಡ್ಡ ತಪ್ಪೂ ಮಾಡಿದ್ದೀನಿ.’
ಔಷಧದಂಗಡಿಯೊಂದರ ದಾಸ್ತಾನಿನಲ್ಲಿ
ಅವಧಿ ಮುಗಿದ ಮಾತ್ರೆಗಳನ್ನೂ ಎಣಿಸಿಬಿಟ್ಟಿದ್ದಳಂತೆ.
ತಾನೇ ಹೋಗಿ ಹೇಳಿ, ಭಾನುವಾರ ಕೂತು ತಿದ್ದಿ,
ಆ ದಿನದ ಕೂಲಿ ಕೇಳಲಿಲ್ಲವಂತೆ.
ಅಂಗಡಿಗೆ ಫೋನು ಮಾಡಿದೆ.
‘ಆಯಮ್ಮ ಹೇಳೋಗಂಟ ನಮಗೆ ಗೊತ್ತೇ ಇರ್ನಿಲ್ಲ.’

ಟಕ್ಕೆಂದಿತು. ನನಗೆ ಕೇಳಿಸಿತು.

ಆದರೂ ಒಂದು ವಾರದ ಖಾತೆ ಕೊಟ್ಟು ನೋಡಿದೆ,
ಕೂಲಿ ಕೊಟ್ಟೇ. ಬಿಟ್ಟಿ ದುಡಿಸಿ ಪರೀಕ್ಷೆ ಮಾಡುವುದು
ನಮ್ಮಪ್ಪ ಕಲಿಸಿದ ವ್ಯಾಪಾರವಲ್ಲ.
ತಕ್ಕಡಿಯ ಪಕ್ಕ ಮಣೆ ಹಾಕಿಕೊಂಡು ಕೂತಳು,
ಜವರಯ್ಯ ಓದಿದ, ಅವಳು ಕುಟ್ಟಿದಳು,
ನೊಣ ಇಬ್ಬರನ್ನೂ ಸಮನಾಗಿ ಕಾಡಿದವು.
ಮೂರನೆಯ ಸಂಜೆ ತಲೆಯೆತ್ತಿ ಕೇಳಿದಳು:

‘ಅಕ್ಕಾ, ಸಾಲು ಸಾಲಿಗೂ ಕೆಂಪು ಶಾಯಿಯ ಒಂದು ‘ಕ’ ಇದೆ.
ಅಲ್ಲಿ ಕ್ವಿಂಟಾಲಿಗೆ ಎರಡು ಕೇಜಿ ಕಾಣೆಯಾಗ್ತದೆ.
ಆ ಕಾಲಮ್ಮಿಗೆ ಏನು ಹೆಸರಿಡಲಿ?’

ಜವರಯ್ಯ ಕನ್ನಡಕ ಒರೆಸಿಕೊಂಡ.
‘ಕಸರು ಕಣವ್ವ. ಇವರ ತಾತನ ಕಾಲದ್ದು.
ಹಸಿ ಬೆಲ್ಲ ತಿಂಗಳುಗಟ್ಲೆ ಇಲ್ಲೇ ಕೂರ್ತಿತ್ತು,
ಆರಿ ಆರಿ ತೂಕ ಇಳೀತಿತ್ತು.’

‘ಈಗ ಎಷ್ಟು ದಿನ ಕೂರ್ತದೆ?’

ಹೊರಗೆ ಲಾರಿ ನಿಂತಿತ್ತು.
ಬೆಳಿಗ್ಗೆ ಬಂದ ಅಚ್ಚು, ಗೋಣಿಯೊಳಗೆ ಇನ್ನೂ ಬೆಚ್ಚಗೆ,
ಹಮಾಲರ ಬೆನ್ನೇರಿ ಹೋಗುತ್ತಿತ್ತು.
ನಾನು ಉತ್ತರ ಕೊಡಲಿಲ್ಲ. ಅವಳೂ ಒತ್ತಾಯಿಸಲಿಲ್ಲ.

‘ಹೆಸರಿಲ್ಲದೆ ಹಾಗೇ ಬಿಟ್ಟರೆ?’
‘ಆಗಲ್ಲ ಅಕ್ಕಾ. ರಸೀದಿಯಲ್ಲಿ ಅಚ್ಚಾಗ್ತದೆ.
ಆಲೆಮನೆಯವರು ಓದ್ತಾರೆ.’

ಎರಡು ರಾತ್ರಿ ಕೂತು ಗುಣಿಸಿದೆ.
ಆ ಎರಡು ಕೇಜಿಯೊಳಗೆ ನನ್ನ ತಮ್ಮನ ಕಾರಿನ ಕಂತಿತ್ತು,
ಈ ಮಂಡಿಯ ಮಹಡಿಯಿತ್ತು,
ತಾತನ ಫೋಟೋಗೆ ದಿನಾ ಹಾಕುವ ಹಾರವೂ ಇತ್ತು.
ಬೇರೆಯವರನ್ನು ಹುಡುಕಬಹುದಿತ್ತು. ಏನೂ ಕೇಳದೆ
ಹೇಳಿದ್ದು ಬರೆದುಕೊಡುವವರು ಊರು ತುಂಬ ಇದ್ದಾರೆ.

ಬುಧವಾರ ಕರಾರು ಬರೆದೆವು.
ದುಡ್ಡು ಮೂರು ಕಂತು. ಪಾಸ್‌ವರ್ಡು ನಮ್ಮ ಹೆಸರಲ್ಲಿ.
ತಪ್ಪು ಕಂಡರೆ ಆರು ತಿಂಗಳು ತಿದ್ದಿಕೊಡತಕ್ಕದ್ದು.
‘ಮತ್ತೆ ಆ ಕಾಲಮ್ಮು?’ ಅಂದಳು, ಪೆನ್ನು ಹಿಡಿದೇ.
‘ಬೇಡ’ ಅಂದೆ.
ಹೆಸರು ಬೇಡವೋ ಕಾಲಮ್ಮೇ ಬೇಡವೋ
ಎಂದು ಮತ್ತೂ ಕೇಳಿದಳು, ಬಿಡಲಿಲ್ಲ.

ಮೊದಲ ರಸೀದಿ ಹೊಳಲಿನ ಕೆಂಚೇಗೌಡನಿಗೆ.
ತೂಕ ಓದಿದ, ದರ ಓದಿದ, ಮೊತ್ತ ಎರಡು ಸಲ ಓದಿದ.
ಆಮೇಲೆ ಕಾಗದ ಮಗುಚಿ, ಬೆಳಕಿಗೆ ಹಿಡಿದು,
ಹಿಂದುಗಡೆ ಎಲ್ಲಾದರೂ ಕಡಿದಿದ್ದಾರೆಯೇ
ಅಂತ ಬಹಳ ಹೊತ್ತು ನೋಡುತ್ತಾ ನಿಂತ.