ಬಚ್ಚಲ ಕಿಟಕಿಯ ಫಿಲ್ಮು

ಉಸಿರು ಹಿಡಿ ಎಂದಿತು ಯಂತ್ರ ತನ್ನ ಭಾಷೆಯಲ್ಲಿ.
ಹುಡುಗ ಗಾಜಿನಾಚೆಯಿಂದ ಕೂಗಿದ:
"ದಮ್ಮು ಕಟ್ರಿ, ಯಜಮಾನ್ರ!"
ಹಟ್ಟಿಯ ಗಣಿಯೊಳಗೆ ಇಪ್ಪತ್ತಾರು ವರ್ಷ
ಮದ್ದು ಸಿಡಿಯುವ ಮುಂಚೆ ದಮ್ಮು ಕಟ್ಟಿದವನು
ಹುಸೇನಪ್ಪ;
ಬಿಡ್ರಿ ಅಂದ ಮೇಲೂ ಒಂದಿಷ್ಟು ಹೊತ್ತು ಬಿಡಲಿಲ್ಲ.

ರಾಯಚೂರು, ಸ್ಟೇಷನ್ ರಸ್ತೆ, ಔಷಧದಂಗಡಿಯ ಮೇಲಿನ ಮಹಡಿ.
ಹೊರಗೆ ನಲವತ್ತಮೂರು ಡಿಗ್ರಿ, ಒಳಗೆ ಯಂತ್ರಕ್ಕೆಂದು ಚಳಿ.
ಅವನ ಎದೆಯನ್ನು ಸವತೆಕಾಯಿಯಂತೆ
ಬಿಲ್ಲೆ ಬಿಲ್ಲೆಯಾಗಿ ಸರಿಸುತ್ತ ಹೋದೆ.
ಎಡಗಡೆ, ಕೆಳಗಿನ ಹಾಲೆಯಲ್ಲಿ, ಇತ್ತು.

ನಾನು ಮೊದಲು ನೋಡುವುದು ಅಂಚು.
ಕೆಟ್ಟದ್ದಕ್ಕೆ ಜಾಲಿಯ ಮುಳ್ಳಿರುತ್ತದೆ,
ಪಕ್ಕದ ಹೊಲಕ್ಕೆ ಬೇರು ಚಾಚಿರುತ್ತದೆ.
ಇದು ನುಣ್ಣಗೆ, ಕೃಷ್ಣೆಯ ಗುಂಡುಕಲ್ಲು,
ಹತ್ತೊಂಬತ್ತು ಮಿಲಿಮೀಟರು.
ಒಳಗೊಂದು ಕಪ್ಪು ಮಚ್ಚೆ. ಅಳೆದರೆ
ಸೊನ್ನೆಗಿಂತ ಎಪ್ಪತ್ತು ಕೆಳಗೆ: ಕೊಬ್ಬು.
ಆ ಬಡಕಲು ಮೈಯಲ್ಲಿ ಕೊಬ್ಬಿಗೆ ಸಿಕ್ಕಿದ್ದು ಅದೊಂದೇ ಜಾಗ.
ನಡುವೆ ಸುಣ್ಣ,
ಪಂಚಮಿಗೆ ಬಿಸಿ ಮರಳಲ್ಲಿ ಹುರಿದ
ಜೋಳದ ಅಳ್ಳಿನ ಹಾಗೆ ಬಿರಿದು ಬೆಳ್ಳಗೆ.
ಪುಸ್ತಕದಲ್ಲಿ ಪಾಪ್‌ಕಾರ್ನ್ ಎಂದಿದೆ.
ಬರೆದವನು ಅಳ್ಳು ತಿಂದವನಲ್ಲ.

ಆದರೂ ಗಣಿಯ ಎದೆ. ಧೂಳಿನ ಎದೆ.
ಕೀಲಿಮಣೆಯ ಮೇಲೆ ಬೆರಳು ನಿಂತಿತು.
"ಹಳೇ ಎಕ್ಸ್‌ರೇ ಏನರ ಅದಾವೇನ್ರಿ?"
ಹುಲಿಗೆಮ್ಮ ಸೆರಗು ಸರಿಮಾಡಿಕೊಂಡಳು:
"ಒಂದೈತ್ರಿ. ಬಚ್ಚಲ ಕಿಟಕಿಗಿ ಹಚ್ಚೀನಿ."

ಮರುದಿನ ಬಸ್ಸಿನಲ್ಲಿ ಬಂತು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ.
ಪಕ್ಕೆಗೆ ಕಲ್ಲು ಬಿದ್ದಾಗ ತೆಗೆಸಿದ್ದಂತೆ.
ನಾಲ್ಕು ಮೂಲೆಗೂ ಮೊಳೆಯ ತೂತು,
ಹನ್ನೊಂದು ವರ್ಷದ ಸೋಪಿನ ಕಲೆ;
ಗ್ರಹಣ ಬಂದಾಗ ಓಣಿಯ ಹುಡುಗರು
ಬಿಚ್ಚಿಕೊಂಡು ಹೋಗಿ ಸೂರ್ಯನ ನೋಡಿದ್ದರಂತೆ.
ದೀಪದ ಪೆಟ್ಟಿಗೆಗೆ ಸಿಗಿಸಿದೆ.
ಮುರಿದ ಎಲುಬಿನ ಗದ್ದಲದಲ್ಲಿ ಅಂದು ಯಾರ ಕಣ್ಣಿಗೂ ಬೀಳದೆ,
ಹೃದಯದ ನೆರಳಿನ ಮಗ್ಗುಲಲ್ಲಿ,
ಅದೇ.
ಸ್ಕೇಲು ಇಟ್ಟೆ. ಇನ್ನೊಮ್ಮೆ ಇಟ್ಟೆ.
ಅಷ್ಟೇ.

"ಬಿನೈನ್" ಅಂದೆ. ಇಬ್ಬರೂ ನನ್ನ ಮುಖ ನೋಡಿದರು.
"ಸಾಧು ಗಡ್ಡಿರೀ."
"ಸಾಧು ಅಂದ್ರ?"
ನಾನು ಮಾತು ಹುಡುಕುವಷ್ಟರಲ್ಲಿ ಅವಳು ಗಂಡನ ಕಡೆ ತಿರುಗಿ,
"ಹಾಯಲಾರದ ಎತ್ತದು. ಕಟ್ಟಿದಲ್ಲೇ ನಿಂತಿರ್ತದ."

ರಿಪೋರ್ಟಿನಲ್ಲಿ ಹಾಗೆ ಬರೆಯಲು ಬರುವುದಿಲ್ಲ.
ಹ್ಯಾಮಾರ್ಟೋಮ ಎಂದು ಬರೆದೆ, ಸಹಿ ಹಾಕಿದೆ.
ಅವನು ಬಾಗಿಲು ದಾಟಿದ್ದ. ಅವಳು ನಿಂತಳು:
"ಆ ಹಳೇದ್ ಕೊಡ್ರಿ ಮತ್ತ.
ನಿನ್ನಿಂದ ಬಚ್ಚಲ ಬಯಲಾಗೇದ."